ಕುಟ್ಟು ಕಾಳಿನ ಕಹಿ ಲೆಕ್ಕ

ಕುಟ್ಟು ಅನ್ನುವ ಹೆಸರಿನಡಿ ಇರುವುದು ಒಂದು ಕಾಳಲ್ಲ, ಎರಡು. ಹಿಮಾಲಯದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಉತ್ತರಾಖಂಡದಲ್ಲಿ ಓಗಲ್ ಬೇರೆ, ಫಾಫರ್ ಬೇರೆ. ನೇಪಾಳದಲ್ಲಿ ಮಿಠೆ ಫಾಪರ್ ಬೇರೆ, ತಿತೆ ಫಾಪರ್ ಬೇರೆ. ಮೊದಲನೆಯದು ಸಿಹಿ, ಎರಡನೆಯದು ಕಹಿ. ಸಸ್ಯಶಾಸ್ತ್ರಜ್ಞರು ಕ್ರಮವಾಗಿ ಫ್ಯಾಗೊಪೈರಮ್ ಎಸ್ಕ್ಯುಲೆಂಟಮ್, ಫ್ಯಾಗೊಪೈರಮ್ ಟಾಟಾರಿಕಮ್ ಎನ್ನುತ್ತಾರೆ. ಇದೇ ಕಾಳು ಹಿಟ್ಟಾಗಿ, ಪೊಟ್ಟಣ ಸೇರಿ, ನವರಾತ್ರಿಯ ಹೊತ್ತಿಗೆ ಬೆಂಗಳೂರಿನ ಅಂಗಡಿಗೆ ಬರುವಷ್ಟರಲ್ಲಿ ಈ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಉತ್ತರ ಭಾರತದವರಿಗೆ ಅದು ಉಪವಾಸದ ಹಿಟ್ಟು, ಆರೋಗ್ಯದ ಅಂಗಡಿಯಲ್ಲಿ ‘ಬಕ್‌ವೀಟ್’. ಯಾವ ಕುಟ್ಟು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಈ ಕಾಳಿನ ಕೀರ್ತಿಯೆಲ್ಲ ನಿಂತಿರುವುದು ರುಟಿನ್ ಎಂಬ ಹಳದಿ ವಸ್ತುವಿನ ಮೇಲೆ. ಸ್ಲೊವೇನಿಯಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಒಣಗಿದ ಕಹಿ ಕುಟ್ಟು ಕಾಳಿನಲ್ಲಿ ರುಟಿನ್ ಶೇ. 0.8ರಿಂದ 1.7ರಷ್ಟು ಇದ್ದರೆ, ಸಿಹಿ ಕುಟ್ಟುವಿನಲ್ಲಿ ಇರುವುದು ಶೇ. 0.01ರ ಆಸುಪಾಸು. ಅಂದರೆ 100 ಗ್ರಾಂ ಕಹಿ ಕಾಳಿನಲ್ಲಿ 800 ಮಿಲಿಗ್ರಾಂಗಿಂತ ಹೆಚ್ಚು, ಅಷ್ಟೇ ಸಿಹಿ ಕಾಳಿನಲ್ಲಿ 10 ಮಿಲಿಗ್ರಾಂ. ಹೆಸರು ಒಂದೇ ಆದರೂ ಅಂತರ ಸುಮಾರು ನೂರು ಪಟ್ಟು. ಜಗತ್ತಿನಲ್ಲಿ ಹೆಚ್ಚಾಗಿ ಬೆಳೆದು ಮಾರುವುದು ಸಿಹಿ ಕುಟ್ಟು. ಹೊಗಳಿಕೆ ಒಂದರದು, ಮಾರಾಟ ಇನ್ನೊಂದರದು ಎಂಬ ಈ ಅದಲುಬದಲನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಕುಟ್ಟುವಿನ ರಸಾಯನದ ಬಗ್ಗೆ ಬಂದಿರುವ ಬರಹಗಳ ಅರ್ಧ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೆಸರಿನಲ್ಲಿ ‘ವೀಟ್’ ಇದ್ದರೂ ಇದು ಗೋಧಿಯ ನೆಂಟನಲ್ಲ. ಹುಲ್ಲಿನ ಜಾತಿಗೇ ಸೇರಿದ್ದಲ್ಲ. ನಮ್ಮ ಚುಕ್ಕಾ ಸೊಪ್ಪಿನ ಕುಟುಂಬದ್ದು. ಮೂರು ಮೂಲೆಯ, ಕಂದು ಸಿಪ್ಪೆಯ ಕಾಳು. ಸಿಹಿ ಕುಟ್ಟುವಿನ ಕಾಡು ಪೂರ್ವಜನನ್ನು ಜಪಾನಿನ ಓಮಿ ಓನಿಶಿ 1990ರ ದಶಕದ ಆರಂಭದಲ್ಲಿ ನೈಋತ್ಯ ಚೀನಾದ ಯುನ್ನಾನಿನಲ್ಲಿ ಗುರುತಿಸಿದರು. ಬೆಳೆ ಅಲ್ಲಿಂದ ಹಿಮಾಲಯದುದ್ದಕ್ಕೂ, ಕೊರಿಯಾ-ಜಪಾನಿಗೂ, ರಷ್ಯಾ-ಪೋಲೆಂಡ್ ದಾಟಿ ಫ್ರಾನ್ಸಿನ ಬ್ರಿಟನಿವರೆಗೂ ಹೋಯಿತು. ಜಪಾನಿನ ಸೋಬಾ ಶಾವಿಗೆ, ರಷ್ಯಾದ ಕಾಶಾ, ಬ್ರಿಟನಿಯ ಗಲೆತ್ ದೋಸೆ, ಭೂತಾನದ ಬುಮ್‌ತಾಂಗ್ ಕಣಿವೆಯ ಪುಟಾ ಮತ್ತು ಖುಲಿ, ಎಲ್ಲವೂ ಇದರದೇ ಹಿಟ್ಟು-ನುಚ್ಚಿನಿಂದ ಆದವು. ಕಹಿ ಕುಟ್ಟು ಮಾತ್ರ ಬೆಟ್ಟ ಬಿಟ್ಟು ಬಹಳ ದೂರ ಹೋಗಲಿಲ್ಲ. ಸಿಚುವಾನ್, ಯುನ್ನಾನ್, ನೇಪಾಳ, ಭೂತಾನ, ಕಿನ್ನೌರ್‌ನಂಥ ಎತ್ತರದ ಚಳಿಸೀಮೆಗಳಲ್ಲಿ, ಬೇರೆ ಬೆಳೆ ಕೈಕೊಡುವ ಕಡೆ, ಅದು ಉಳಿದುಕೊಂಡಿತು.

ಎತ್ತರಕ್ಕೂ ಕಹಿಗೂ ಸಂಬಂಧವಿದೆ. ಮೇಲೆ ಹೋದಂತೆ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳ ಪಾಲು ಹೆಚ್ಚುತ್ತದೆ. ಗಿಡ ನೆರಳಿಗೆ ಸರಿಯಲಾರದು. ಅದಕ್ಕಿರುವ ಉಪಾಯ ಆ ಕಿರಣಗಳನ್ನು ಹೀರಿಕೊಳ್ಳುವ ಬಣ್ಣಗಳನ್ನು ತನ್ನ ಮೈಯಲ್ಲಿ ತುಂಬಿಕೊಳ್ಳುವುದು. ಫ್ಲೇವನಾಯ್ಡ್‌ಗಳೆಂಬ ಗುಂಪಿನ ಕೆಲಸಗಳಲ್ಲಿ ಇದೊಂದು. ರುಟಿನ್ ಆ ಗುಂಪಿಗೆ ಸೇರಿದ್ದು: ಕ್ವೆರ್ಸೆಟಿನ್ ಎಂಬ ಫ್ಲೇವನಾಲ್‌ಗೆ ಗ್ಲುಕೋಸ್, ರ್‍ಯಾಮ್ನೋಸ್ ಎಂಬ ಎರಡು ಸಕ್ಕರೆಗಳು ಸೇರಿಕೊಂಡ ಅಣು. ಇದನ್ನು ಗಿಡ ನಮ್ಮ ರಕ್ತನಾಳಗಳಿಗಾಗಿ ಮಾಡಿಟ್ಟಿದ್ದಲ್ಲ ಎಂಬುದು ಬಾಯಿಮಾತಿಗೆ ಎಲ್ಲರಿಗೂ ಗೊತ್ತು. ಆದರೆ ಆರೋಗ್ಯದ ಪುಟಗಳನ್ನು ಓದಿದರೆ ಹಾಗನ್ನಿಸುವುದಿಲ್ಲ.

ರುಟಿನ್ ಇರುವುದೇ ರಕ್ತನಾಳಗಳಿಗಾಗಿ ಎಂಬ ನಂಬಿಕೆಗೆ ಒಂದು ಚರಿತ್ರೆಯಿದೆ. 1842ರಲ್ಲಿ ಜರ್ಮನಿಯ ಔಷಧ ತಯಾರಕ ಆಗಸ್ಟ್ ವೈಸ್ ನಾಗದಾಳಿ ಸೊಪ್ಪಿನಿಂದ ಈ ಹಳದಿ ಹರಳನ್ನು ಬೇರ್ಪಡಿಸಿದ. ಗಿಡದ ಲ್ಯಾಟಿನ್ ಹೆಸರು ರೂಟಾ. ಹರಳು ರುಟಿನ್ ಆಯಿತು. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಶುಂಕ್ ಅದೇ ಶತಮಾನದಲ್ಲಿ ಕುಟ್ಟುವಿನ ಎಲೆಯಲ್ಲೂ ಅದನ್ನು ಕಂಡ. ಆಮೇಲೆ ಬಹುಕಾಲ ಅದಕ್ಕೆ ಬಣ್ಣವೆಂಬುದರ ಆಚೆ ಬೆಲೆಯಿರಲಿಲ್ಲ. 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಮತ್ತು ರುಸ್ನ್ಯಾಕ್, ಹಣ್ಣು-ತರಕಾರಿಗಳ ಫ್ಲೇವನಾಯ್ಡ್‌ಗಳು ಕಿರುರಕ್ತನಾಳಗಳ ಸೋರಿಕೆಯನ್ನು ತಡೆಯುತ್ತವೆ ಎಂದು ಹೇಳಿ ಅವಕ್ಕೆ ‘ವಿಟಮಿನ್ ಪಿ’ ಎಂದು ಹೆಸರಿಟ್ಟರು. ಸೆಂಟ್-ಗ್ಯೋರ್ಗಿಗೆ ಮರುವರ್ಷವೇ ನೊಬೆಲ್ ಬಂತು. ಅಷ್ಟು ದೊಡ್ಡವರು ಕೊಟ್ಟ ಹೆಸರನ್ನು ಜಗತ್ತು ಕಣ್ಣಿಗೊತ್ತಿಕೊಂಡಿತು.

ಹತ್ತು ವರ್ಷದೊಳಗೆ ಕಥೆ ಅಮೆರಿಕ ತಲುಪಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯ ಗ್ರಿಫಿತ್, ರಕ್ತದೊತ್ತಡದ ರೋಗಿಗಳಲ್ಲಿ ಒಡೆಯುವಂತಾದ ಕಿರುನಾಳಗಳಿಗೆ ರುಟಿನ್ ಕೊಟ್ಟು ನೋಡುತ್ತಿದ್ದರು. ಫಿಲಡೆಲ್ಫಿಯಾ ಬಳಿಯ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಜೇಮ್ಸ್ ಕೌಚ್ ಬಳಗ ಮೊದಲು ಹೊಗೆಸೊಪ್ಪಿನಿಂದ ರುಟಿನ್ ತೆಗೆಯಿತು. ಖರ್ಚು ಹೆಚ್ಚು, ಸಿಕ್ಕಿದ್ದು ಕಡಿಮೆ. 1946ರಲ್ಲಿ ಅವರು ಕುಟ್ಟುವೇ ಒಳ್ಳೆಯ ಮೂಲವೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಗಮನಿಸಬೇಕಾದ್ದು ಇಷ್ಟು: ಅವರು ಹೇಳಿದ್ದು ಹಸಿರು ಗಿಡದ ಬಗ್ಗೆ, ಎಲೆ-ಹೂವಿನ ಬಗ್ಗೆ. ಕಾಳಿನ ಬಗ್ಗೆ ಅಲ್ಲ. ಎಲೆಯಿಂದ ಹುಟ್ಟಿದ ಖ್ಯಾತಿ ಮೆಲ್ಲಗೆ ಜಾರಿ ಕಾಳಿನ ಮೇಲೆ, ಅದೂ ಸಿಹಿ ಕಾಳಿನ ಮೇಲೆ ಕೂತಿತು. ಅತ್ತ 1950ರಲ್ಲಿ ಅಮೆರಿಕದ ಜೀವರಸಾಯನ ಮತ್ತು ಪೋಷಣಾ ಸಂಘಗಳು ‘ವಿಟಮಿನ್ ಪಿ’ ಎಂಬ ಹೆಸರನ್ನೇ ಕೈಬಿಡಲು ಸೂಚಿಸಿದವು, ಇದು ಇಲ್ಲದಿದ್ದರೆ ಬರುವ ಕಾಯಿಲೆ ಯಾವುದೂ ಸಿಗಲಿಲ್ಲವಾಗಿ. ಔಷಧ ಕಂಪನಿಗಳೂ ಕುಟ್ಟು ಬಿಟ್ಟು, ಮೊಗ್ಗಿನಲ್ಲೇ ಹೇರಳ ರುಟಿನ್ ಇರುವ ಚೀನಾದ ಸೊಫೋರಾ ಮರಕ್ಕೂ ಬ್ರೆಜಿಲ್‌ನ ಫಾವಾ ದಾಂತಾ ಕಾಯಿಗೂ ಹೊರಳಿದವು. ಇಂದು ಗುಳಿಗೆಯಲ್ಲಿ ಸಿಗುವ ರುಟಿನ್ ಬಹುಪಾಲು ಅಲ್ಲಿಂದ ಬಂದದ್ದು. ಕುಟ್ಟುವಿಗೆ ಉಳಿದದ್ದು ಹೆಸರು.

ಹಾಗಾದರೆ ಕಾಳಿನಲ್ಲಿ ನಿಜಕ್ಕೂ ಇರುವುದೇನು, ಎಲ್ಲಿ? ಕುಟ್ಟು ಕಾಳನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಬಿಳಿ ಹಿಟ್ಟಿನ ಭಾಗದೊಳಗೆ ಬೀಜದಳ ಹಾವಿನಂತೆ ಬಳುಕಿ ಹಾದುಹೋಗಿರುವುದು ಕಾಣುತ್ತದೆ. ರುಟಿನ್, ಪ್ರೋಟೀನು, ಖನಿಜ, ಕೊಬ್ಬು ಎಲ್ಲ ಹೆಚ್ಚಾಗಿ ಈ ಬೀಜದಳದಲ್ಲಿ ಮತ್ತು ಹೊರಪದರಗಳಲ್ಲಿ. ಒಗರಿನ ಟ್ಯಾನಿನ್‌ಗಳು ಬೀಜದ ತೆಳುಪೊರೆಯಲ್ಲಿ. ಗಟ್ಟಿ ಸಿಪ್ಪೆಯಲ್ಲಿ ಓರಿಯೆಂಟಿನ್, ವೈಟೆಕ್ಸಿನ್ ಎಂಬ ಬೇರೆ ಫ್ಲೇವನಾಯ್ಡ್‌ಗಳಿವೆ, ಆದರೆ ಸಿಪ್ಪೆಯನ್ನು ತಿನ್ನುವವರಿಲ್ಲ. ಅದು ಜಪಾನಿನಲ್ಲಿ ದಿಂಬಿನೊಳಗೆ ಹೋಗುತ್ತದೆ. ನಡುವಿನ ಬಿಳಿ ಭಾಗ ಬರೀ ಪಿಷ್ಟ. ಜಪಾನೀಯರು ಬಹಳ ಮೆಚ್ಚುವ, ಬೆಳ್ಳಗಿನ ನಯವಾದ ಸರಾಶಿನಾ ಸೋಬಾ ಈ ಪಿಷ್ಟದಿಂದಲೇ ಆದದ್ದು. ಹಳ್ಳಿಗಾಡಿನ ಕಪ್ಪು ಸೋಬಾದಲ್ಲಿ ಇರುವುದರ ಸ್ವಲ್ಪ ಪಾಲೂ ಅದರಲ್ಲಿ ಇರುವುದಿಲ್ಲ. ನುಣ್ಣಗಿನ ಬಿಳಿ ಹಿಟ್ಟಿನ ಮೇಲಿನ ಮೋಹ ಎಲ್ಲ ಊರಿನಲ್ಲೂ ಒಂದೇ.

ಕುಟ್ಟುವಿನ ಪರಿಮಳದ ಮೂಲವನ್ನೂ ಸ್ಲೊವೇನಿಯಾದವರೇ ಹುಡುಕಿದ್ದಾರೆ: ಸ್ಯಾಲಿಸಿಲಾಲ್ಡಿಹೈಡ್ ಎಂಬ ಆವಿಯಾಗುವ ವಸ್ತು ಅದರಲ್ಲಿ ಮುಖ್ಯ. ಬರೀ ಇಪ್ಪತ್ತು ಲಕ್ಷ ಜನರ ಆ ಪುಟ್ಟ ದೇಶಕ್ಕೆ ಈ ಕಾಳಿನ ಮೇಲೆ ಇರುವ ಪ್ರೀತಿ ಅಸಾಧಾರಣ. ಕುಟ್ಟು ಸಂಶೋಧಕರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1980ರಲ್ಲಿ ನಡೆದದ್ದು ಲ್ಯುಬ್ಲಿಯಾನದಲ್ಲಿ. ಇವಾನ್ ಕ್ರೆಫ್ಟ್ ಎಂಬ ಅಲ್ಲಿನ ತಳಿವಿಜ್ಞಾನಿಯ ಹೆಸರಿಲ್ಲದೆ ಈ ವಿಷಯದ ಯಾವ ಗ್ರಂಥಸೂಚಿಯೂ ಪೂರ್ತಿಯಾಗುವುದಿಲ್ಲ.

ಕಹಿ ಕುಟ್ಟುವಿನಲ್ಲಿ ನಡೆಯುವುದು ಇನ್ನೂ ಸ್ವಾರಸ್ಯದ ಕೆಲಸ. ಅದರ ಕಾಳಿನಲ್ಲಿ ರುಟಿನ್ ಜೊತೆಗೇ ರುಟಿನೋಸಿಡೇಸ್ ಎಂಬ ಕಿಣ್ವವೂ ಇದೆ, ಧಾರಾಳವಾಗಿ. ಒಣ ಕಾಳಿನಲ್ಲಿ ಎರಡೂ ಒಂದನ್ನೊಂದು ಮುಟ್ಟದೆ ಇರುತ್ತವೆ. ಹಿಟ್ಟು ಬೀಸಿ ನೀರು ಹಾಕಿ ಕಲಸಿದಿರೋ, ಕಿಣ್ವ ರುಟಿನ್‌ನಿಂದ ಸಕ್ಕರೆಯ ಜೋಡಿಯನ್ನು ಕತ್ತರಿಸಿಹಾಕುತ್ತದೆ; ಕ್ವೆರ್ಸೆಟಿನ್ ಒಂಟಿಯಾಗಿ ಉಳಿಯುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಡ, ಕೆಲವೇ ನಿಮಿಷ ಸಾಕು. ನಾಲಗೆಗೆ ತಟ್ಟುವ ಕಡುಕಹಿ ಹುಟ್ಟುವುದು ಈ ಕತ್ತರಿಯಿಂದಲೇ, ರುಟಿನ್ ತಾನೇ ಅಷ್ಟು ಕಹಿಯಲ್ಲ. ಕಾಳು ಕಡಿದ ಪ್ರಾಣಿಯ ಬಾಯಿ ಕಹಿಯಾಗಲಿ ಎಂದು ಗಿಡ ಹೂಡಿದ ತಂತ್ರವೆಂದು ಇದನ್ನು ಓದಬಹುದು. ಆದರೆ ಇದರಿಂದ ಎದ್ದ ವಿಚಿತ್ರ ಏನೆಂದರೆ, ಪ್ರಯೋಗಾಲಯದಲ್ಲಿ ಒಣಹಿಟ್ಟಿನಲ್ಲಿ ಅಳೆದ ರುಟಿನ್ ರೊಟ್ಟಿಯಲ್ಲಿ ಇರುವುದಿಲ್ಲ. ಪೊಟ್ಟಣದ ಮೇಲೆ ಬರೆದ ಅಂಕಿ ಕಣಕ ಕಲಸುವ ತಟ್ಟೆಯಲ್ಲೇ ಸುಳ್ಳಾಗುತ್ತದೆ.

ಕಿಣ್ವವನ್ನು ಸೋಲಿಸುವ ದಾರಿಗಳಿವೆ. ಕಾಳನ್ನು ಬೀಸುವ ಮೊದಲೇ ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಕಿಣ್ವ ಸಾಯುತ್ತದೆ, ರುಟಿನ್ ಉಳಿಯುತ್ತದೆ. ನೀರು ಮುಟ್ಟುವ ಮೊದಲೇ ಒಣದಾಗಿ ಚೆನ್ನಾಗಿ ಹುರಿದರೂ ಅಷ್ಟೇ. ಚೀನಾದಲ್ಲಿ ಕುದಿನೀರಿಗೆ ಹಾಕಿ ಕುಡಿಯುವ ಕಹಿ ಕುಟ್ಟು ಚಹಾ ಹೀಗೆ ಹಬೆ-ಹುರಿಗಳನ್ನು ಕಂಡೇ ಬರುವ ಸರಕು. ಮೂರನೆಯ ದಾರಿ ಜಪಾನಿನದು. ಹೊಕ್ಕೈಡೊದ ಸರ್ಕಾರಿ ಕೃಷಿ ಸಂಶೋಧಕರು ನೂರಾರು ಕಹಿ ಕುಟ್ಟು ತಳಿಗಳನ್ನು ಜಾಲಾಡುವಾಗ ನೇಪಾಳ ಮೂಲದ ಒಂದು ಸಾಲಿನಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬುದನ್ನು ಕಂಡರು. ಅದು ಒಂದೇ ಒಂದು ಅಪ್ರಬಲ ಜೀನಿನ ಗುಣ. ಅದನ್ನು ಬೆರೆಸಿ ಬೆಳೆಸಿದ ‘ಮಂಟೆನ್ ಕಿರಾರಿ’ ತಳಿಯ ಹಿಟ್ಟು ಕಲಸಿದರೆ ಕಹಿಯಾಗುವುದಿಲ್ಲ, ರುಟಿನ್ನೂ ಉಳಿಯುತ್ತದೆ. ನಮ್ಮಲ್ಲೂ ಶಿಮ್ಲಾದ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಕೇಂದ್ರ ಹಿಮಾಲಯದ ಕುಟ್ಟು ತಳಿಗಳನ್ನು ಕೂಡಿಟ್ಟಿದೆ. ‘ಹಿಮಪ್ರಿಯಾ’ ಅಲ್ಲಿಂದ ಬಂದ ಕಹಿ ಕುಟ್ಟು. ನೇಪಾಳದ ಬೆಟ್ಟದಲ್ಲಿ ಯಾವುದೋ ಮನೆತನ ಕಾಪಾಡಿಕೊಂಡು ಬಂದ ಬೀಜ ಹೊಕ್ಕೈಡೊದಲ್ಲಿ ಹೊಸ ಬೆಳೆಯಾದದ್ದು ಓದಿದಾಗ, ಆ ಕೂಡಿಟ್ಟ ಚೀಲಗಳನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು ಅನ್ನಿಸುತ್ತದೆ.

ಬೇಯಿಸಿದ ನೀರಿನ ಮಾತೂ ಇದೆ. ರುಟಿನ್ ತಣ್ಣೀರಿನಲ್ಲಿ ಕರಗುವುದು ಅತ್ಯಲ್ಪ, ಕುದಿನೀರಿನಲ್ಲಿ ಸ್ವಲ್ಪ ಹೆಚ್ಚು. ಸೋಬಾ ಅಂಗಡಿಗಳಲ್ಲಿ ಊಟದ ಕೊನೆಗೆ ಶಾವಿಗೆ ಬೆಂದ ನೀರನ್ನು, ಸೋಬಾಯು ಎಂಬ ಹೆಸರಿನಲ್ಲಿ, ಉಳಿದ ಅದ್ದುಸಾರಿಗೆ ಸುರಿದು ಕುಡಿಯುತ್ತಾರೆ. ಕಾಳು-ಸೊಪ್ಪು ಬೆಂದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಆಗಿ ಹೊಟ್ಟೆಗೆ ಇಳಿದ ರುಟಿನ್ ಏನಾಗುತ್ತದೆ? ನೆದರ್‌ಲೆಂಡ್ಸ್‌ನ ಹಾಲ್‌ಮನ್ ಬಳಗ 1995ರಲ್ಲಿ ಮಾಡಿದ ಒಂದು ಪ್ರಯೋಗ ಇಲ್ಲಿ ದಾರಿದೀಪ. ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡಿದ್ದ ಆರೋಗ್ಯವಂತ ಸ್ವಯಂಸೇವಕರಿಗೆ ಕ್ವೆರ್ಸೆಟಿನ್ನಿನ ಮೂರು ರೂಪಗಳನ್ನು ಕೊಟ್ಟು, ದೇಹ ಹೀರಿದ್ದೆಷ್ಟು ಎಂದು ಅಳೆದರು. ಈರುಳ್ಳಿಯ ಗ್ಲುಕೋಸ್ ಅಂಟಿದ ಕ್ವೆರ್ಸೆಟಿನ್ ಶೇ. 52ರಷ್ಟು ಒಳಹೋಯಿತು. ಒಂಟಿ ಕ್ವೆರ್ಸೆಟಿನ್ ಶೇ. 24. ರುಟಿನ್ ಶೇ. 17. ಅಂಟಿರುವ ಸಕ್ಕರೆ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ: ಸಣ್ಣ ಕರುಳಿನ ಕಿಣ್ವಗಳಿಗೆ ಗ್ಲುಕೋಸ್ ಕಳಚುವುದು ಗೊತ್ತು, ರುಟಿನ್ನಿನ ಜೋಡಿಸಕ್ಕರೆ ಕಳಚಲು ಬರುವುದಿಲ್ಲ. ಅದು ದೊಡ್ಡ ಕರುಳಿನವರೆಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗಬೇಕು. ಕ್ವೆರ್ಸೆಟಿನ್ನೇ ಬೇಕೆನ್ನುವವರು ಸಿಹಿ ಕುಟ್ಟುವಿಗೆ ದುಬಾರಿ ಬೆಲೆ ತೆರುವ ಬದಲು ಹುಬ್ಬಳ್ಳಿ ಮಾರುಕಟ್ಟೆಯ ಕೆಂಪು ಉಳ್ಳಾಗಡ್ಡಿ ಕೊಂಡರೆ ಲಾಭವೇ ಹೆಚ್ಚು.

ಮನುಷ್ಯರ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಚ್ಚು ಉಲ್ಲೇಖವಾಗುವುದು 1995ರದು. ಸಿಚುವಾನಿನ ಲಿಯಾಂಗ್‌ಶಾನ್ ಬೆಟ್ಟಗಳ ಯಿ ಜನರಿಗೆ ಕಹಿ ಕುಟ್ಟು ದಿನನಿತ್ಯದ ಅನ್ನ. 850 ಮಂದಿಯನ್ನು ಪರೀಕ್ಷಿಸಿದಾಗ ದಿನಕ್ಕೆ 100 ಗ್ರಾಂ ಕುಟ್ಟು ತಿನ್ನುವುದಕ್ಕೂ ರಕ್ತದ ಒಟ್ಟು ಕೊಲೆಸ್ಟೆರಾಲ್ ಹಾಗೂ ಕೆಟ್ಟ ಕೊಲೆಸ್ಟೆರಾಲ್ ಕಡಿಮೆ ಇರುವುದಕ್ಕೂ ನಂಟು ಕಂಡಿತು. ಒಳ್ಳೆಯ ಅಧ್ಯಯನ. ಆದರೆ ಕುಟ್ಟು ತಿನ್ನುವ ಯಿ ಜನ ಬೆಟ್ಟ ಹತ್ತಿಳಿದು ದುಡಿಯುವವರೂ ಹೌದು. ಅಂಕಿಅಂಶದಲ್ಲಿ ಎಷ್ಟೇ ಸರಿದೂಗಿಸಿದರೂ ಒಂದು ಬದುಕಿನಿಂದ ಒಂದು ಕಾಳನ್ನು ಪೂರ್ತಿ ಬಿಡಿಸಿ ತೆಗೆಯಲಾಗದು. ಅದೂ ಅಲ್ಲದೆ, ಆ ಕಾಳಿನೊಳಗಿನ ಯಾವ ವಸ್ತು ಈ ಕೆಲಸ ಮಾಡಿತು ಎಂಬುದಕ್ಕೆ ಇಂಥ ಅಧ್ಯಯನದಲ್ಲಿ ಉತ್ತರವಿಲ್ಲ.

ಆ ಉತ್ತರದ ಹತ್ತಿರ ಬಂದದ್ದು, ನನ್ನ ಮಟ್ಟಿಗೆ, ಸ್ವೀಡನ್ನಿನ ಉಪ್ಸಾಲಾದ ಗುನಿಲ್ಲಾ ವೀಸ್ಲಾಂಡರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ. ಶಿಶುವಿಹಾರಗಳಲ್ಲಿ ಕೆಲಸ ಮಾಡುವ 62 ಮಹಿಳೆಯರಿಗೆ ಎರಡು ವಾರ ಕಹಿ ಕುಟ್ಟುವಿನ ಬಿಸ್ಕೆಟ್, ಎರಡು ವಾರ ಸಿಹಿ ಕುಟ್ಟುವಿನ ಬಿಸ್ಕೆಟ್ ಕೊಟ್ಟರು. ಮೊದಲನೆಯದರಲ್ಲಿ ದಿನಕ್ಕೆ ಸುಮಾರು 360 ಮಿಲಿಗ್ರಾಂ ರುಟಿನ್‌ಗೆ ಸಮನಾದ ಫ್ಲೇವನಾಯ್ಡ್, ಎರಡನೆಯದರಲ್ಲಿ 17. ಉರಿಯೂತದ ಒಂದು ಗುರುತಾದ ಮೈಲೊಪೆರಾಕ್ಸಿಡೇಸ್ ಕಹಿ ಬಿಸ್ಕೆಟ್ ತಿಂದಾಗ ಇಳಿಯಿತು. ಸರಿ, ರುಟಿನ್ನಿಗೆ ಒಂದು ಅಂಕ. ಆದರೆ ಕೊಲೆಸ್ಟೆರಾಲ್? ಅದು ಎರಡೂ ಬಿಸ್ಕೆಟ್‌ಗಳಿಂದ ಇಳಿಯಿತು. ಇಪ್ಪತ್ತು ಪಟ್ಟು ಕಡಿಮೆ ರುಟಿನ್ ಇದ್ದದ್ದೂ ಅದೇ ಫಲ ಕೊಟ್ಟಿತೆಂದರೆ ಶ್ರೇಯಸ್ಸು ರುಟಿನ್ನಿನದಲ್ಲ. ಒಳ್ಳೆಯ ಕೊಲೆಸ್ಟೆರಾಲೂ ಜೊತೆಗೇ ಇಳಿದದ್ದನ್ನು, ಕುಟ್ಟುವೇ ಇಲ್ಲದ ಬಿಸ್ಕೆಟ್ ತಿಂದ ಗುಂಪು ಇರಲಿಲ್ಲ ಎಂಬುದನ್ನು ಕುಟ್ಟು ಮಾರುವವರು ಹೇಳುವುದಿಲ್ಲ. 2018ರಲ್ಲಿ ‘ನ್ಯೂಟ್ರಿಯೆಂಟ್ಸ್’ ಪತ್ರಿಕೆಯಲ್ಲಿ ಬಂದ ಸಮಗ್ರ ವಿಶ್ಲೇಷಣೆಯೂ ಒಟ್ಟಾರೆ ರಕ್ತದ ಸಕ್ಕರೆ, ಕೊಲೆಸ್ಟೆರಾಲ್ ಕೊಂಚ ಇಳಿಯುವುದನ್ನು ಕಂಡಿದೆ. ಆದರೆ ಅದರೊಳಗಿನ ಅಧ್ಯಯನಗಳು ಒಂದರಂತೆ ಒಂದಿಲ್ಲ.

ಶ್ರೇಯಸ್ಸು ಯಾರದಿರಬಹುದು ಎಂಬುದಕ್ಕೆ ಜಪಾನಿನಲ್ಲಿ 1990ರ ದಶಕದಲ್ಲೇ ಒಂದು ಸುಳಿವು ಸಿಕ್ಕಿತ್ತು. ಕಯಾಶಿತಾ, ಕಾಟೊ ಮೊದಲಾದವರು ಕುಟ್ಟುವಿನ ಪ್ರೋಟೀನನ್ನಷ್ಟೇ ಬೇರ್ಪಡಿಸಿ ಇಲಿಗಳಿಗೆ ಕೊಟ್ಟಾಗ ಕೊಲೆಸ್ಟೆರಾಲ್ ಇಳಿಯಿತು. ಕಾರಣ ಅವರು ಕಂಡಂತೆ: ಈ ಪ್ರೋಟೀನು ಪೂರ್ತಿ ಜೀರ್ಣವಾಗುವುದಿಲ್ಲ, ಉಳಿದದ್ದು ಕರುಳಿನಲ್ಲಿ ಕೊಲೆಸ್ಟೆರಾಲನ್ನು ಹಿಡಿದುಕೊಂಡು ಮಲದ ಜೊತೆ ಹೊರಹೋಗುತ್ತದೆ. ಲೈಸೀನ್ ಚೆನ್ನಾಗಿರುವ, ಗ್ಲುಟೆನ್ ಇಲ್ಲದ ಪ್ರೋಟೀನ್ ಎಂದು ಹೊಗಳಿಸಿಕೊಳ್ಳುವುದರ ಕೊರತೆಯೇ ಇಲ್ಲಿ ಗುಣವಾಗಿದೆ. ಪಿಷ್ಟದ ಕಥೆಯೂ ಹೀಗೇ. ಸ್ಲೊವೇನಿಯಾ-ಸ್ವೀಡನ್ ಸಂಶೋಧಕರು ಬೆಂದ ಕುಟ್ಟು ನುಚ್ಚಿನ ಗ್ಲೈಸೆಮಿಕ್ ಸೂಚ್ಯಂಕವನ್ನು ಬಿಳಿ ಬ್ರೆಡ್ಡಿನ 100ಕ್ಕೆ ಎದುರಾಗಿ 60ರ ಆಸುಪಾಸಿನಲ್ಲಿ ಕಂಡರು. ಬೇಯಿಸಿ ಆರಿಸಿದ ನುಚ್ಚಿನಲ್ಲಿ ಜೀರ್ಣವಾಗದ ಪಿಷ್ಟ ಹೆಚ್ಚುತ್ತದೆ. ಹೆಸರಿಗೆ ಬರದ ಈ ಸಾದಾ ವಸ್ತುಗಳು ರುಟಿನ್‌ಗಿಂತ ಹೆಚ್ಚು ದುಡಿಯುತ್ತಿರಬೇಕು ಎಂಬುದು ನನ್ನ ಅನಿಸಿಕೆ. ನಮ್ಮ ರಾಗಿಯ ವಿಷಯದಲ್ಲೂ ಮೈಸೂರಿನ ಸಿಎಫ್‌ಟಿಆರ್‌ಐನ ಎನ್. ಜಿ. ಮಲ್ಲೇಶಿ ಬಳಗ ಹೊರಪದರದ ಪಾಲಿಫಿನಾಲ್‌ಗಳು ಪಿಷ್ಟ ಒಡೆಯುವ ಕಿಣ್ವಗಳಿಗೆ ಅಡ್ಡಬರುವುದನ್ನು ತೋರಿಸಿತು. ಅಲ್ಲೂ ಹೊಟ್ಟು ಜರಡಿ ಹಿಡಿದು ಎಸೆದರೆ ಉಳಿಯುವುದು ಬರೀ ಪಿಷ್ಟ.

ಮಧುಮೇಹಿಗಳ ಗಮನ ಸೆಳೆದದ್ದು ಇನ್ನೊಂದು ಗುಂಪು: ಫ್ಯಾಗೊಪೈರಿಟಾಲ್‌ಗಳು. ಇವು ಡಿ-ಕೈರೊ-ಇನೊಸಿಟಾಲ್ ಎಂಬ ಸಕ್ಕರೆಯಂಥ ವಸ್ತುವಿಗೆ ಗ್ಯಾಲಕ್ಟೋಸ್ ಕೂಡಿಕೊಂಡ ಅಣುಗಳು. ಬಲಿತು ಒಣಗುವ ಕಾಳಿನ ಜೀವಕೋಶಗಳು ನೀರಿಲ್ಲದೆಯೂ ಕುಸಿಯದಂತೆ ಕಾಯಲು ಗಿಡ ಇವನ್ನು ಬೀಜದಳದಲ್ಲಿ ಶೇಖರಿಸುತ್ತದೆ ಎಂಬುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಬೆಂಡಾರ್ಫ್ ಮತ್ತು ಸಂಗಡಿಗರ ಅಧ್ಯಯನದಿಂದ ಬಂದ ತಿಳಿವಳಿಕೆ. ಡಿ-ಕೈರೊ-ಇನೊಸಿಟಾಲ್‌ಗೆ ದೇಹದಲ್ಲಿ ಇನ್ಸುಲಿನ್ ಸಂದೇಶದ ಜೊತೆ ನಂಟಿದೆ. 2003ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಕಾರ್ಲಾ ಟೇಲರ್ ಬಳಗ ಕುಟ್ಟುವಿನಿಂದ ತೆಗೆದ ಸಾಂದ್ರ ಸಾರವನ್ನು ಮಧುಮೇಹ ಬರಿಸಿದ ಇಲಿಗಳಿಗೆ ಕೊಟ್ಟಾಗ ಊಟದ ನಂತರದ ರಕ್ತದ ಸಕ್ಕರೆ ಶೇ. 12ರಿಂದ 19ರಷ್ಟು ಇಳಿಯಿತು. ಸುದ್ದಿ ಜಗತ್ತೆಲ್ಲ ಓಡಾಡಿತು. ಹತ್ತು ವರ್ಷದ ಬಳಿಕ, 2013ರಲ್ಲಿ, ಅದೇ ಕೇಂದ್ರದವರು ಮನುಷ್ಯರಿಗೆ ಕುಟ್ಟು ಹಿಟ್ಟಿನ ಬಿಸ್ಕೆಟ್ ತಿನ್ನಿಸಿ ನೋಡಿದರು. ಹೊಟ್ಟೆ ತುಂಬಿದ ಸೂಚನೆ ಕೊಡುವ ಕರುಳಿನ ಕೆಲವು ಹಾರ್ಮೋನುಗಳು ಬದಲಾದವು. ಸಕ್ಕರೆಯಲ್ಲೂ ಇನ್ಸುಲಿನ್ನಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇಲಿಗೆ ಕೊಟ್ಟದ್ದು ಸಾರ, ಮನುಷ್ಯ ತಿಂದದ್ದು ತಿಂಡಿ. ಎರಡನೆಯ ಸುದ್ದಿ ಮೊದಲಿನದರಷ್ಟು ದೂರ ಓಡಲಿಲ್ಲ.

ಫ್ಯಾಗೊಮೀನ್ ಇದಕ್ಕಿಂತ ಅಪರೂಪದ ವಸ್ತು. 1974ರಲ್ಲಿ ಜಪಾನಿನ ಕೊಯಾಮಾ, ಸಕಾಮುರಾ ಕುಟ್ಟು ಕಾಳಿನಿಂದಲೇ ಇದನ್ನು ಮೊದಲು ಬೇರ್ಪಡಿಸಿದರು. ನೋಡಲು ಸಕ್ಕರೆಯಂತೆ, ಆದರೆ ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಸಾರಜನಕ. ಸಕ್ಕರೆ ಒಡೆಯುವ ಕಿಣ್ವ ಇದನ್ನೇ ಸಕ್ಕರೆಯೆಂದು ಹಿಡಿದುಕೊಂಡು ಸಿಕ್ಕಿಬೀಳುತ್ತದೆ. ಈ ಜಾತಿಯ ಹೆಸರಾಂತ ಸದಸ್ಯ ಇರುವುದು ನಮ್ಮ ಹಳೇ ಮೈಸೂರು ಸೀಮೆಯ ಹೊಲಗಳಲ್ಲೇ: ಹಿಪ್ಪುನೇರಳೆ ಸೊಪ್ಪಿನ ಡಿಯಾಕ್ಸಿನೊಜಿರಿಮೈಸಿನ್. ಹಿಪ್ಪುನೇರಳೆಯಲ್ಲಿ ಫ್ಯಾಗೊಮೀನ್ ಕೂಡ ಇದೆ. ಆ ಸೊಪ್ಪನ್ನು ರೇಷ್ಮೆಹುಳು ತಿಂದು ಕೊಬ್ಬುತ್ತದೆ. ಔಡಲ ಎಲೆ ತಿನ್ನುವ ಎರಿ ಹುಳುವಿಗೆ ಅದೇ ಸೊಪ್ಪು ವಿಷವೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದರು. ಮಧುಮೇಹಕ್ಕೆ ಕೊಡುವ ಮಿಗ್ಲಿಟಾಲ್ ಗುಳಿಗೆ ಡಿಯಾಕ್ಸಿನೊಜಿರಿಮೈಸಿನ್‌ನ ರೂಪಾಂತರವೇ. ಕುಟ್ಟು ಕಾಳಿನಲ್ಲಾದರೋ ಫ್ಯಾಗೊಮೀನ್ ಇರುವುದು ಕಿಲೋಗೆ ಹತ್ತಾರು ಮಿಲಿಗ್ರಾಂ. ಔಷಧವಾಗಲು ಸಾಲದು.

ಇದುವರೆಗೆ ಹೇಳಿದ್ದು ಲಾಭದ ಕಡೆ. ನಷ್ಟದ ಕಡೆಯೂ ಗಿಡದ ರಸಾಯನವೇ ಇದೆ. ಹಸಿರು ಕುಟ್ಟು ಮೇಯ್ದ ದನ-ಕುರಿಗಳು, ಅದರಲ್ಲೂ ಬಿಳಿ ಮೈಯವು, ಬಿಸಿಲಿಗೆ ಬಂದಾಗ ಚರ್ಮ ಸುಟ್ಟಂತಾಗಿ ಊದಿಕೊಳ್ಳುವುದನ್ನು ಯುರೋಪಿನ ರೈತರು ಹಿಂದಿನಿಂದ ಬಲ್ಲರು. ಅದಕ್ಕೆ ಕಾರಣ ಫ್ಯಾಗೊಪೈರಿನ್ ಎಂಬ ಕೆಂಪು ವಸ್ತು. ಬೆಳಕು ಬಿದ್ದಾಗ ಅದು ಚುರುಕಾಗಿ ಜೀವಕೋಶಗಳನ್ನು ಕೆಡಿಸುತ್ತದೆ. ಹೂವು, ಎಲೆಗಳಲ್ಲಿ ಹೆಚ್ಚು, ಕಾಳಿನಲ್ಲಿ ಲೆಕ್ಕಕ್ಕೆ ಬಾರದಷ್ಟು. ಹಿಟ್ಟು ತಿನ್ನುವವರು ಅಂಜಬೇಕಿಲ್ಲ. ಆದರೆ ಬಾಲ್ಕನಿಯಲ್ಲಿ ಟ್ರೇ ಇಟ್ಟು ಕುಟ್ಟು ಮೊಳಕೆ ಬೆಳೆಸಿ, ಹಸಿರೆಲೆಯನ್ನು ದಿನಾ ಲೋಟಗಟ್ಟಲೆ ರಸ ಮಾಡಿ ಕುಡಿಯುವ ಹೊಸ ಹುಚ್ಚಿಗೆ ಈ ಎಚ್ಚರಿಕೆ ಬೇಕು: ಮೊಳಕೆಯ ಹಸಿರು ಬೀಜದಳದಲ್ಲಿ ಅದು ಕಾಳಿಗಿಂತ ಬಹಳ ಹೆಚ್ಚು.

2003ರಲ್ಲಿ ಸ್ಲೊವೇನಿಯಾದಲ್ಲಿ ಕುಟ್ಟು ಹಿಟ್ಟು ತಿಂದ 73 ಮಂದಿ ಅಸ್ವಸ್ಥರಾದರು. ತಪ್ಪು ಕುಟ್ಟುವಿನದಲ್ಲ. ಹೊಲದ ಕಳೆಯಾಗಿ ಬೆಳೆದ ದತ್ತೂರಿಯ ಬೀಜ ಕಾಳಿನ ಜೊತೆ ಬೆರೆತು ಹಿಟ್ಟಿನ ಗಿರಣಿಗೆ ಹೋಗಿತ್ತು. ಎರಡರ ಗಾತ್ರ ಜರಡಿಯನ್ನು ಮೋಸಗೊಳಿಸುವಷ್ಟು ಹತ್ತಿರ. ಅಟ್ರೋಪಿನ್, ಸ್ಕೋಪೊಲಮೀನ್ ಹಿಟ್ಟಿಗೆ ಇಳಿದವು. ಯುರೋಪು ಇಂದು ಕುಟ್ಟುವಿನಲ್ಲಿ ಈ ಆಲ್ಕಲಾಯ್ಡ್‌ಗಳಿಗೆ ಮಿತಿ ಗೊತ್ತುಮಾಡಿದೆ. ನಮ್ಮಲ್ಲಿ ನವರಾತ್ರಿ ಬಂತೆಂದರೆ ದೆಹಲಿ, ಉತ್ತರ ಪ್ರದೇಶ, ಹರಿಯಾಣದ ಯಾವುದಾದರೂ ಊರಿನಿಂದ ಕುಟ್ಟು ಹಿಟ್ಟು ತಿಂದು ಆಸ್ಪತ್ರೆ ಸೇರಿದವರ ಸುದ್ದಿ ಬರುತ್ತದೆ. ಹಿಂದಿನ ವರ್ಷದ ಉಳಿಕೆ, ತೇವ ಹಿಡಿದ ಮೂಟೆ, ಬೂಷ್ಟು ಎಂದು ಅಧಿಕಾರಿಗಳು ಬೈದು ಸುಮ್ಮನಾಗುತ್ತಾರೆ. ಬೀಸಿದ ಕುಟ್ಟುವಿನ ಕೊಬ್ಬು ಬೇಗ ಮುಗ್ಗುತ್ತದೆ ಎಂಬುದು ನಿಜ. ವರ್ಷಕ್ಕೆ ಎರಡೇ ಸಲ ಬೇಡಿಕೆ ಬರುವ ಹಿಟ್ಟು ಅಂಗಡಿಯ ಮೂಲೆಯಲ್ಲಿ ಎಷ್ಟು ದಿನ ಕೂತಿರುತ್ತದೆ ಎಂಬುದೂ ಊಹೆಗೆ ನಿಲುಕದ ಮಾತಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಅಲರ್ಜಿ. ಅಮೆರಿಕದ ವೈದ್ಯ ಸ್ಮಿತ್ 1909ರಲ್ಲೇ ಇದರ ಒಂದು ಪ್ರಕರಣವನ್ನು ದಾಖಲಿಸಿದ. ಕಾಳಿನ ಶೇಖರಣಾ ಪ್ರೋಟೀನುಗಳಲ್ಲಿ ಕೆಲವು, ಮುಖ್ಯವಾಗಿ 2ಎಸ್ ಆಲ್ಬ್ಯುಮಿನ್ ಜಾತಿಯ ಒಂದು ಚಿಕ್ಕ ಪ್ರೋಟೀನು, ಜಠರದ ಪೆಪ್ಸಿನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಒಗ್ಗದವರಿಗೆ ಚಿಟಿಕೆ ಹಿಟ್ಟು ಸಾಕು, ಉಸಿರು ಕಟ್ಟಬಹುದು. ಕುಟ್ಟು ಸಿಪ್ಪೆಯ ದಿಂಬಿನ ದೂಳಿನಿಂದ ಆಸ್ತಮಾ ಬಂದದ್ದೂ ಇದೆ. 1988ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಶಾಲೆಯ ಊಟದ ಸೋಬಾ ತಿಂದ ಮಗುವೊಂದು ತೀರಿಕೊಂಡಿತು. ಜಪಾನ್ 2001ರಲ್ಲಿ ಅಲರ್ಜಿ ಮುದ್ರಣದ ನಿಯಮ ತಂದಾಗ ಮೊಟ್ಟೆ, ಹಾಲು, ಗೋಧಿ, ಶೇಂಗಾ ಜೊತೆ ಕುಟ್ಟುವನ್ನೂ ಕಡ್ಡಾಯದ ಪಟ್ಟಿಗೆ ಸೇರಿಸಿತು. ಐರೋಪ್ಯ ಒಕ್ಕೂಟದ 14 ವಸ್ತುಗಳ ಪಟ್ಟಿಯಲ್ಲಿ ಅದಿಲ್ಲ. ಭಾರತದ ಆಹಾರ ಸುರಕ್ಷಾ ಪ್ರಾಧಿಕಾರದ ಪಟ್ಟಿಯಲ್ಲೂ ಇಲ್ಲ. ಗ್ಲುಟೆನ್ ಇರುವ ಧಾನ್ಯಗಳ ಹೆಸರನ್ನು ಅದು ಕಡ್ಡಾಯವಾಗಿ ಬರೆಸುತ್ತದೆ. ಗ್ಲುಟೆನ್ ಇಲ್ಲವೆಂಬ ಕಾರಣಕ್ಕೇ ಕುಟ್ಟು ಬೆರೆಸಿದ ಬಿಸ್ಕೆಟ್, ಬ್ರೆಡ್, ದೋಸೆ ಮಿಶ್ರಣಗಳು ನಮ್ಮ ಅಂಗಡಿಗಳಲ್ಲಿ ಹೆಚ್ಚುತ್ತಿವೆ. ಅವುಗಳ ಹಿಂಬದಿಯಲ್ಲಿ, ಪದಾರ್ಥಗಳ ಸಣ್ಣಕ್ಷರದ ಸಾಲಿನಲ್ಲಿ ಕುಟ್ಟು ಇರುತ್ತದೆ. ಅಲರ್ಜಿ ಎಂದು ದಪ್ಪಕ್ಷರದಲ್ಲಿ ಬರೆದ ಸಾಲಿನಲ್ಲಿ ಇರಬೇಕೆಂದು ಯಾವ ನಿಯಮವೂ ಕೇಳುವುದಿಲ್ಲ.